ಯಾರು, ಯಾವಾಗ, ಯಾವ ಕಮಾಂಡ್: ಸಣ್ಣ ಕಂಪನಿಯ ಸರ್ವರ್‌ಗೆ ಲೆಕ್ಕ ಮತ್ತು ಬೇಲಿ

ಪೀಣ್ಯ ಎರಡನೇ ಹಂತದಲ್ಲಿ ಒಂದು ವರ್ಕ್‌ಶಾಪ್. ಯಂತ್ರಗಳ ಬಿಡಿಭಾಗ ಮಾಡುವ ಜಾಗ. ಆಫೀಸ್ ಕೋಣೆಯಲ್ಲಿ ಎಂಟು ವಿಂಡೋಸ್ ಕಂಪ್ಯೂಟರ್, ಮೂಲೆಯಲ್ಲಿ ಒಂದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಹಳೆಯ ಡೆಲಿವರಿ ಚಲನ್‌ಗಳ ಫೋಲ್ಡರ್ ಅರ್ಧ ಖಾಲಿ.

ಅನುಮಾನ ನೇರವಾಗಿ ಸ್ಟೋರ್ಸ್‌ನ ಹುಡುಗನ ಮೇಲೆ ಹೋಯಿತು. ಹಿಂದಿನ ವಾರವಷ್ಟೇ ಓಟಿ ದುಡ್ಡಿಗಾಗಿ ಅವನು ಜಗಳ ಆಡಿದ್ದ. ಸರ್ವರ್‌ನಲ್ಲಿ ಏನು ಬರೆದಿದೆ ಅಂತ ಯಜಮಾನರು ಕೇಳಿದರು. ಬರೆದಿದ್ದು ಒಂದೇ ಹೆಸರು: ಅಡ್ಮಿನ್. ಆ ಹೆಸರಿನಲ್ಲಿ ಐದು ಜನ ಒಳಗೆ ಹೋಗುತ್ತಿದ್ದರು. ಐದೂ ಜನಕ್ಕೆ ಒಂದೇ ಪಾಸ್‌ವರ್ಡ್ ಕೊಟ್ಟಿದ್ದವನು ನಾನೇ. ಹುಡುಗ ಮಾಡಿಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟ. ಎರಡು ತಿಂಗಳಾದ ಮೇಲೆ ಮತ್ತೆ ಫೈಲ್‌ಗಳು ಹೋದವು. ಆಗ ಕೂತು ಹುಡುಕಿದೆ. ಹಿಂದೆ ಯಾರೋ ಬರೆದಿಟ್ಟು ಹೋಗಿದ್ದ ಒಂದು ಸ್ಕ್ರಿಪ್ಟ್, ಡಿಸ್ಕ್ ತುಂಬುತ್ತಾ ಬಂದಾಗ ರಾತ್ರಿ ಎರಡು ಗಂಟೆಗೆ ತಾನೇ ಎದ್ದು ಹಳೆಯ ಫೈಲ್ ಅಳಿಸುತ್ತಿತ್ತು. ಅದೂ ಅಡ್ಮಿನ್ ಹೆಸರಿನಲ್ಲೇ.

ಸ್ಟೋರ್ಸ್‌ನ ಆ ಹುಡುಗನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಷ್ಟರಲ್ಲಿ ಅವನು ದಾಬಸ್‌ಪೇಟೆ ಕಡೆ ಬೇರೆ ಕೆಲಸಕ್ಕೆ ಸೇರಿದ್ದ. "ಪರವಾಗಿಲ್ಲ ಬಿಡಿ ಸರ್, ಈಗಲಾದ್ರೂ ಗೊತ್ತಾಯ್ತಲ್ಲ" ಅಂದ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕಮಾಂಡ್‌ಗಳ (ಕಂಪ್ಯೂಟರ್‌ಗೆ ಟೈಪ್ ಮಾಡಿ ಕೊಡುವ ಆಜ್ಞೆಗಳ) ಲೆಕ್ಕ ಇಡುವುದು ಕಳ್ಳನನ್ನು ಹಿಡಿಯುವುದಕ್ಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನಗೆ ಅದು ಮೊದಲು ತಪ್ಪು ಮಾಡದವರನ್ನು ಕಾಯುವ ಕೆಲಸ. ಹಾಗಾಗಿ ನಾನು ಈಗ ಎಲ್ಲಿ ಹೋದರೂ ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕ್ರಮ ಮುಖ್ಯ. ಮೊದಲು ಒಬ್ಬೊಬ್ಬರಿಗೆ ಒಂದು ಹೆಸರು. ಆಮೇಲೆ ರೆಕಾರ್ಡ್. ಹದಿನೈದು ದಿನ ಆ ರೆಕಾರ್ಡ್ ಓದುವುದು. ಆಮೇಲಷ್ಟೇ ಬೇಲಿ, ಅಂದರೆ ಯಾರು ಏನು ಓಡಿಸಬಹುದು ಎಂಬ ಮಿತಿ. ತುಂಬಾ ಕಡೆ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲ ದಿನವೇ ಎಲ್ಲವನ್ನೂ ಬ್ಲಾಕ್ ಮಾಡುತ್ತಾರೆ. ಮೂರನೇ ದಿನ ಬಿಲ್ಲಿಂಗ್ ನಿಲ್ಲುತ್ತದೆ. ನಾಲ್ಕನೇ ದಿನ ಎಲ್ಲರಿಗೂ ಪೂರ್ತಿ ಹಕ್ಕು ವಾಪಸ್.

ಇನ್ನೊಂದು ಮಾತು. ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಒಬ್ಬರಿಗೆ ಒಂದು ಲಾಗಿನ್

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಕೆಲಸಗಾರರ ಹೆಸರು, ಬಲಗಡೆ ಅವರು ಯಾವ ಯಾವ ಲಾಗಿನ್ ಬಳಸುತ್ತಾರೆ ಅಂತ ಬರೆಯಿರಿ. ಒಂದೇ ಲಾಗಿನ್ ಮುಂದೆ ಇಬ್ಬರು ಬಂದರೆ ಅದನ್ನು ಒಡೆಯಬೇಕು. ಸರ್ವಿಸ್‌ಗೆ ಬರುವ ಹೊರಗಿನ ಎಂಜಿನಿಯರ್‌ಗೂ ಬೇರೆ ಲಾಗಿನ್. ರಾತ್ರಿ ತಾನಾಗಿ ಓಡುವ ಬ್ಯಾಕಪ್‌ಗೂ ಬೇರೆಯದೇ ಲಾಗಿನ್ ಕೊಡಿ. ಮನುಷ್ಯ ಮಾಡಿದ್ದು ಯಾವುದು, ಯಂತ್ರ ಮಾಡಿದ್ದು ಯಾವುದು ಅಂತ ಹೆಸರು ನೋಡಿದ ಕೂಡಲೇ ತಿಳಿಯಬೇಕು.

ಲಿನಕ್ಸ್ ಸರ್ವರ್‌ಗೆ ಯಾರೂ ನೇರವಾಗಿ ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗಿ ಒಳಗೆ ಬರಬಾರದು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಸೆಟ್ಟಿಂಗ್‌ನಲ್ಲಿ 'ಪರ್ಮಿಟ್ ರೂಟ್ ಲಾಗಿನ್' ಎಂಬ ಸಾಲು ಇದೆ. ಅದನ್ನು 'ನೋ' ಮಾಡಿ. ಇದು ಬರೀ ಶಿಸ್ತಿಗಾಗಿ ಅಲ್ಲ, ಮುಂದೆ ರೆಕಾರ್ಡ್ ಮಾಡುವಾಗ ಕಾರಣ ಗೊತ್ತಾಗುತ್ತದೆ. ಆದರೆ 'ನೋ' ಮಾಡುವ ಮೊದಲು ನಿಮ್ಮ ಸ್ವಂತ ಲಾಗಿನ್‌ನಿಂದ ಒಳಗೆ ಬಂದು ಸುಡೋ (ರೂಟ್ ಹಕ್ಕಿನಲ್ಲಿ ಕಮಾಂಡ್ ಓಡಿಸುವ ಸಾಧನ) ಕೆಲಸ ಮಾಡುತ್ತಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ.

ಲಿನಕ್ಸ್‌ನಲ್ಲಿ ರೆಕಾರ್ಡ್ ಶುರು ಮಾಡುವುದು

ಟೈಪ್ ಮಾಡಿದ ಕಮಾಂಡ್‌ಗಳನ್ನು ಬ್ಯಾಶ್ (ಕಮಾಂಡ್ ಓದಿ ಓಡಿಸುವ ಶೆಲ್) ಬರೆದಿಡುವ ಹಿಸ್ಟರಿ ಇದೆಯಲ್ಲ, ಅದೇ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಆ ಫೈಲ್ ಬಳಕೆದಾರನದೇ, ಅವನೇ ಅಳಿಸಬಹುದು. ಉಬುಂಟುವಿನಲ್ಲಿ ಕಮಾಂಡ್‌ನ ಮುಂದೆ ಒಂದು ಸ್ಪೇಸ್ ಒತ್ತಿ ಟೈಪ್ ಮಾಡಿದರೆ ಅದು ಹಿಸ್ಟರಿಗೆ ಸೇರುವುದೇ ಇಲ್ಲ. ಹಿಸ್ಟರಿ ನಮ್ಮ ನೆನಪಿಗೆ ಮಾತ್ರ. ಸಾಕ್ಷಿಗೆ ಆಗುವುದಿಲ್ಲ.

ಸರಿಯಾದ ದಾರಿ ಆಡಿಟ್‌ಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದಲೇ ಸುದ್ದಿ ತೆಗೆದುಕೊಂಡು ಬರೆದಿಡುವ ಸೇವೆ ಇದು. ಇನ್‌ಸ್ಟಾಲ್ ಮಾಡಿ, ಅದರ 'ರೂಲ್ಸ್ ಡಾಟ್ ಡಿ' ಫೋಲ್ಡರ್‌ನಲ್ಲಿ ಒಂದು ಹೊಸ ಫೈಲ್ ಮಾಡಿ. ಅದರಲ್ಲಿ ಬರೆಯುವ ರೂಲ್‌ಗೆ ಒಂದೊಂದು ತುಂಡಿಗೂ ಒಂದು ಅರ್ಥ ಇದೆ. 'ಆಲ್ವೇಸ್ ಎಕ್ಸಿಟ್' ಎಂದರೆ ಪ್ರತಿ ಸಲವೂ ಬರೆ ಅಂತ. 'ಎಕ್ಸೆಕ್‌ವಿಇ' ಎಂದರೆ ಹೊಸ ಪ್ರೋಗ್ರಾಂ ಓಡಿಸುವ ಕರೆ. 'ಎಯುಐಡಿ 1000 ಅಥವಾ ಜಾಸ್ತಿ' ಎಂದರೆ ಸಾಮಾನ್ಯ ಬಳಕೆದಾರರ ಲಾಗಿನ್‌ಗಳನ್ನು ಮಾತ್ರ ಹಿಡಿ ಅಂತ. 'ಎಯುಐಡಿ 4294967295 ಅಲ್ಲದಿದ್ದರೆ' ಎಂಬುದನ್ನೂ ಸೇರಿಸಬೇಕು. ಆ ದೊಡ್ಡ ಸಂಖ್ಯೆ ಲಾಗಿನ್ನೇ ಇಲ್ಲದೆ ಓಡುವ ಸೇವೆಗಳ ಗುರುತು. ಕೊನೆಗೆ ನಿಮಗೆ ಹುಡುಕಲು ಅನುಕೂಲವಾಗುವ ಒಂದು ಕೀ ಹೆಸರು. ಇದನ್ನೇ 64 ಬಿಟ್‌ಗೆ ಒಂದು ಸಾಲು, 32 ಬಿಟ್‌ಗೆ ಇನ್ನೊಂದು ಸಾಲು ಬರೆಯಿರಿ. 32 ಬಿಟ್ ಸಾಲು ಮರೆತರೆ ಹಳೆಯ ಪ್ರೋಗ್ರಾಂ ಕದ್ದು ದಾಟಿಬಿಡುತ್ತದೆ. ಬರೆದ ಮೇಲೆ 'ಆಗೆನ್‌ರೂಲ್ಸ್ ಲೋಡ್' ಕೊಟ್ಟು ಜಾರಿಗೆ ತನ್ನಿ.

ಎಯುಐಡಿ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದ ಜೀವ ಇದರಲ್ಲಿದೆ. ನೀವು ಲಾಗಿನ್ ಆದ ಕ್ಷಣ ನಿಮ್ಮ ನಂಬರ್ ಅದರಲ್ಲಿ ಕೂರುತ್ತದೆ. ಆಮೇಲೆ ನೀವು ಸುಡೋ ಮಾಡಿ ರೂಟ್ ಆದರೂ, ಬೇರೆ ಬಳಕೆದಾರನಾಗಿ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ. ರೂಟ್ ಹೆಸರಿನಲ್ಲಿ ಏನು ನಡೆದರೂ ಮೂಲ ಮನುಷ್ಯ ಯಾರು ಅಂತ ಅದು ಹೇಳುತ್ತದೆ. ಈಗ ರೂಟ್ ಲಾಗಿನ್ ಏಕೆ ಮುಚ್ಚಿಸಿದೆ ಅಂತ ನೋಡಿ. ನೇರವಾಗಿ ರೂಟ್ ಆಗಿ ಬಂದವನ ಎಯುಐಡಿ ಸೊನ್ನೆ. ನಮ್ಮ ರೂಲ್ 1000ದಿಂದ ಶುರು. ಹಾಗಾಗಿ ಅವನು ಮಾಡಿದ್ದು ಒಂದೂ ದಾಖಲಾಗುವುದಿಲ್ಲ.

ಆ ರೆಕಾರ್ಡ್‌ನಲ್ಲೇ 'ಟಿಟಿವೈ' ಎಂಬ ಇನ್ನೊಂದು ಜಾಗ ಇದೆ. ಮನುಷ್ಯ ಪರದೆ ಮುಂದೆ ಕೂತು ಟೈಪ್ ಮಾಡಿದ್ದರೆ ಅಲ್ಲಿ 'ಪಿಟಿಎಸ್ ಸೊನ್ನೆ' ಎಂಬಂಥ ಹೆಸರು ಇರುತ್ತದೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ತಾನಾಗಿ ಓಡಿಸಿದ್ದರೆ 'ನನ್' (ಯಾವುದೂ ಇಲ್ಲ) ಅಂತ ಇರುತ್ತದೆ. ಪೀಣ್ಯದ ಆ ಸರ್ವರ್‌ನಲ್ಲಿ ಅವತ್ತು ಆಡಿಟ್‌ಡಿ ಓಡುತ್ತಿದ್ದರೆ ಈ ಒಂದು ಪದ ಸಾಕಾಗಿತ್ತು.

ಈ ರೂಲ್ ಹಿಡಿಯದ ಸಂಗತಿಗಳೂ ಇವೆ. ಬ್ಯಾಶ್ ತನ್ನೊಳಗೇ ಮಾಡುವ ಕೆಲಸಗಳಿಗೆ ಹೊಸ ಪ್ರೋಗ್ರಾಂ ಬೇಕಾಗಿಲ್ಲ. ಒಂದು ಫೈಲ್‌ನ ಮೇಲೆ ಖಾಲಿ ರಿಡೈರೆಕ್ಟ್ ಗುರುತು (>) ಹಾಕಿದರೆ ಫೈಲ್ ಬರಿದಾಗುತ್ತದೆ, ಎಕ್ಸೆಕ್‌ವಿಇ ಮಾತ್ರ ಬರುವುದಿಲ್ಲ. ಅದಕ್ಕೆ ಮುಖ್ಯವಾದ ಫೋಲ್ಡರ್‌ಗಳ ಮೇಲೆ ಬೇರೆಯಾಗಿ ವಾಚ್ ರೂಲ್ ಹಾಕಿ. ಬರೆಯುವುದು ಮತ್ತು ಹಕ್ಕು ಬದಲಿಸುವುದು, ಇವೆರಡನ್ನೂ ನೋಡಲು ಹೇಳಿ. ಚಲನ್ ಫೋಲ್ಡರ್, ಪಾಸ್‌ವರ್ಡ್ ಫೈಲ್, ಯಾರಿಗೆ ಯಾವ ಸುಡೋ ಹಕ್ಕು ಅಂತ ಬರೆದಿರುವ ಸುಡೋಯರ್ಸ್ ಫೈಲ್, ಕ್ರಾನ್ ಫೋಲ್ಡರ್, ಇಷ್ಟು ಸಾಕು. ಇಡೀ ಡಿಸ್ಕ್‌ಗೆ ವಾಚ್ ಹಾಕಬೇಡಿ. ರೆಕಾರ್ಡ್ ಪ್ರವಾಹವಾಗುತ್ತದೆ, ಯಾರೂ ಓದುವುದಿಲ್ಲ.

ವಿಂಡೋಸ್ ಕಂಪ್ಯೂಟರ್‌ಗಳಿಂದ ಸಾಂಬಾ (ಲಿನಕ್ಸ್ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ಸೇವೆ) ಶೇರ್ ಮೂಲಕ ಫೈಲ್ ಅಳಿಸಿದರೂ ಈ ಕಮಾಂಡ್ ರೂಲ್‌ಗೆ ಗೊತ್ತಾಗುವುದಿಲ್ಲ, ಏಕೆಂದರೆ ಅಳಿಸುವುದು ಸಾಂಬಾ ಸೇವೆ. ನಮ್ಮ ಸಣ್ಣ ಆಫೀಸ್‌ಗಳಲ್ಲಿ ಜಾಸ್ತಿ ಫೈಲ್ ಹೋಗುವುದೇ ಈ ದಾರಿಯಲ್ಲಿ. ಸಾಂಬಾದಲ್ಲಿ 'ಫುಲ್ ಆಡಿಟ್' ಎಂಬ ಮಾಡ್ಯೂಲ್ ಇದೆ. ಅದನ್ನು ಶೇರ್‌ಗೆ ಸೇರಿಸಿ, ಅಳಿಸುವುದು ಮತ್ತು ಹೆಸರು ಬದಲಿಸುವುದು, ಇವೆರಡನ್ನು ದಾಖಲಿಸಿದರೆ ಯಾವ ಬಳಕೆದಾರ, ಯಾವ ಕಂಪ್ಯೂಟರ್‌ನಿಂದ ಅಂತ ಸಿಗುತ್ತದೆ.

ಆಡಿಟ್‌ಡಿ ಮೊದಲಿಗೆ ಇಟ್ಟುಕೊಂಡು ಬರುವ ಸೆಟ್ಟಿಂಗ್ ತುಂಬಾ ಚಿಕ್ಕದು. 8 ಎಂಬಿಯ ಐದು ಫೈಲ್, ಒಟ್ಟು 40 ಎಂಬಿ. ತುಂಬಿದ ಮೇಲೆ ಹಳೆಯದು ಹೋಗುತ್ತದೆ. ಕೆಲಸ ಜಾಸ್ತಿ ಇರುವ ಸರ್ವರ್‌ನಲ್ಲಿ ಇದು ಕೆಲವೇ ದಿನಕ್ಕೆ ಮುಗಿಯಬಹುದು. ಅದರ ಕಾನ್ಫಿಗ್ ಫೈಲ್‌ನಲ್ಲಿ ಎರಡೂ ಸಂಖ್ಯೆಯನ್ನು ಮೊದಲ ದಿನವೇ ಹೆಚ್ಚಿಸಿ.

ವಿಂಡೋಸ್ ಕಡೆ

ವಿಂಡೋಸ್ 11 ಪ್ರೊ ಇದ್ದರೆ ಎಲ್ಲವೂ ಒಳಗೇ ಇದೆ. ಹೋಮ್ ಎಡಿಷನ್‌ನಲ್ಲಿ ವಿಂಡೋಸ್‌ನ ನಿಯಮಗಳನ್ನು ತಿದ್ದುವ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ. ಆಫೀಸ್‌ಗೆ ಕಂಪ್ಯೂಟರ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ.

ಲೋಕಲ್ ಸೆಕ್ಯುರಿಟಿ ಪಾಲಿಸಿ ತೆರೆದು, ಅಡ್ವಾನ್ಸ್ಡ್ ಆಡಿಟ್ ಪಾಲಿಸಿ, ಡೀಟೇಲ್ಡ್ ಟ್ರ್ಯಾಕಿಂಗ್, ಅಲ್ಲಿ 'ಆಡಿಟ್ ಪ್ರೋಸೆಸ್ ಕ್ರಿಯೇಷನ್' ಎಂಬುದಕ್ಕೆ ಸಕ್ಸೆಸ್ ಟಿಕ್ ಹಾಕಿ. ಇನ್ನು ಮುಂದೆ ಯಾವುದೇ ಪ್ರೋಗ್ರಾಂ ಶುರುವಾದರೆ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4688 ಎಂಬ ನಂಬರ್‌ನ ದಾಖಲೆ ಬೀಳುತ್ತದೆ. ಆದರೆ ಬರೀ ಪ್ರೋಗ್ರಾಂ ಹೆಸರು ಮಾತ್ರ. ಅದರ ಮುಂದೆ ಏನು ಟೈಪ್ ಮಾಡಿದರು ಅಂತ ಬೇಕಾದರೆ ಗ್ರೂಪ್ ಪಾಲಿಸಿಯಲ್ಲಿ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಆಡಿಟ್ ಪ್ರೋಸೆಸ್ ಕ್ರಿಯೇಷನ್, ಅಲ್ಲಿರುವ 'ಇನ್‌ಕ್ಲೂಡ್ ಕಮಾಂಡ್ ಲೈನ್' ಆಯ್ಕೆಯನ್ನೂ ಆನ್ ಮಾಡಬೇಕು. ಈ ಎರಡನೇ ಹೆಜ್ಜೆ ಬಿಟ್ಟುಬಿಡುವವರೇ ಜಾಸ್ತಿ. ಪವರ್‌ಶೆಲ್‌ಗೆ (ವಿಂಡೋಸ್‌ನ ಕಮಾಂಡ್ ಶೆಲ್) 'ಸ್ಕ್ರಿಪ್ಟ್ ಬ್ಲಾಕ್ ಲಾಗಿಂಗ್' ಬೇರೆಯಾಗಿ ಆನ್ ಮಾಡಿ, ಅದರ ನಂಬರ್ 4104.

ಒಂದು ಎಚ್ಚರಿಕೆ, ಇದು ಲಿನಕ್ಸ್‌ಗೂ ಸೇರಿದ್ದು. ಕಮಾಂಡ್ ಸಾಲಿನಲ್ಲೇ ಪಾಸ್‌ವರ್ಡ್ ಟೈಪ್ ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಆ ಪಾಸ್‌ವರ್ಡ್ ಹಾಗೆಯೇ ಲಾಗ್‌ನಲ್ಲಿ ಕೂರುತ್ತದೆ. ಡೇಟಾಬೇಸ್ ಬ್ಯಾಕಪ್ ಸ್ಕ್ರಿಪ್ಟ್‌ಗಳಲ್ಲಿ ಇದು ಸಾಮಾನ್ಯ. ರೆಕಾರ್ಡ್ ಶುರು ಮಾಡುವ ಮೊದಲು ಅಂಥವನ್ನು ಸರಿಪಡಿಸಿ, ಲಾಗ್ ಓದುವ ಹಕ್ಕನ್ನೂ ಒಬ್ಬಿಬ್ಬರಿಗೆ ಮಾತ್ರ ಇಡಿ.

ವಿಂಡೋಸ್‌ನ ಸೆಕ್ಯುರಿಟಿ ಲಾಗ್ 20 ಎಂಬಿಗೆ ನಿಂತಿರುತ್ತದೆ. 4688 ಆನ್ ಮಾಡಿದ ಮೇಲೆ ಅದು ಬೇಗ ತುಂಬುತ್ತದೆ. ಲಾಗ್‌ನ ಪ್ರಾಪರ್ಟೀಸ್‌ಗೆ ಹೋಗಿ ಅರ್ಧ ಜಿಬಿಗೆ ಏರಿಸಿ.

ಹದಿನೈದು ದಿನ ಸುಮ್ನೆ ಓದಿ

ಈಗ ಕೈ ಕಟ್ಟಿ ಕೂರುವ ಸಮಯ. ಯಾವುದನ್ನೂ ನಿಲ್ಲಿಸಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ಬೆಳಗಿನ ಕಾಫಿ ಜೊತೆ, ಹಿಂದಿನ ದಿನದ ಲಾಗ್ ಓದಿ. ಹದಿನೈದು ದಿನದಲ್ಲಿ ಒಂದು ತಿಂಗಳ ಕೊನೆ ಸೇರುವ ಹಾಗೆ ನೋಡಿಕೊಳ್ಳಿ. ಸಂಬಳ, ಜಿಎಸ್‌ಟಿ, ಸ್ಟಾಕ್ ಲೆಕ್ಕ, ಇವೆಲ್ಲ ಆ ದಿನಗಳಲ್ಲೇ ನಡೆಯುತ್ತವೆ. ಅವನ್ನು ನೋಡದೆ ಬೇಲಿ ಹಾಕಿದರೆ ಮುಂದಿನ ತಿಂಗಳ ಕೊನೆಗೆ ನಿಮಗೇ ಫೋನ್ ಬರುತ್ತದೆ.

ಲಿನಕ್ಸ್‌ನಲ್ಲಿ ಆಡಿಟ್ ಲಾಗ್ ಹುಡುಕುವ 'ಎಯುಸರ್ಚ್'ಗೆ ನಿಮ್ಮ ಕೀ ಹೆಸರು ಕೊಟ್ಟು, ಜೊತೆಗೆ 'ಐ' ಆಯ್ಕೆ ಸೇರಿಸಿದರೆ ನಂಬರ್‌ಗಳೆಲ್ಲ ಹೆಸರಾಗಿ, ಸಮಯ ಓದುವ ರೂಪದಲ್ಲಿ ಬರುತ್ತದೆ. ಮೊದಲಿಗೆ ಎಲ್ಲವನ್ನೂ ಓದಲು ಹೋಗಬೇಡಿ. 'ಎಯುರಿಪೋರ್ಟ್'ನಿಂದ ಪ್ರೋಗ್ರಾಂಗಳ ಸಾರಾಂಶ ತೆಗೆಯಿರಿ. ಯಾವುದು ದಿನಕ್ಕೆ ನೂರು ಸಲ ಓಡುತ್ತದೆ, ಯಾವುದು ವಾರಕ್ಕೊಮ್ಮೆ ಅಂತ ಗೊತ್ತಾಗುತ್ತದೆ. ಆ ವಾರಕ್ಕೊಮ್ಮೆ ಬರುವವನ್ನೇ ನೋಡಿ. ಸುಡೋ ಬಳಸಿದ್ದೆಲ್ಲ ಬೇರೆಯಾಗಿಯೂ ಸಿಗುತ್ತದೆ. ಉಬುಂಟುವಿನಲ್ಲಿ ಆಥ್ ಲಾಗ್, ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಸೆಕ್ಯೂರ್ ಎಂಬ ಫೈಲ್. ಒಂದು ಸಾಲಿನಲ್ಲಿ ಯಾರು, ಯಾವ ಫೋಲ್ಡರ್‌ನಲ್ಲಿದ್ದರು, ಯಾರ ಹಕ್ಕಿನಲ್ಲಿ, ಯಾವ ಕಮಾಂಡ್, ಎಲ್ಲ ಇರುತ್ತದೆ.

ವಿಂಡೋಸ್‌ನಲ್ಲಿ ಕೆಲವು ನಂಬರ್ ಬಾಯಿಪಾಠ ಮಾಡಿಕೊಳ್ಳಿ. 4625 ತಪ್ಪಾದ ಲಾಗಿನ್. 4720 ಹೊಸ ಬಳಕೆದಾರ ಹುಟ್ಟಿದ. 4732 ಯಾರನ್ನೋ ಗುಂಪಿಗೆ ಸೇರಿಸಿದರು, ಅದು ಅಡ್ಮಿನಿಸ್ಟ್ರೇಟರ್ಸ್ ಗುಂಪಾದರೆ ಕೂಡಲೇ ವಿಚಾರಿಸಿ. 1102 ಎಂದರೆ ಸೆಕ್ಯುರಿಟಿ ಲಾಗ್ ಅನ್ನೇ ಅಳಿಸಿದ್ದಾರೆ. ಈ ಕೊನೆಯದು ಒಂದೇ ಒಂದು ಸಲ ಬಂದರೂ ಬಿಡಬೇಡಿ.

ಓದುತ್ತಾ ಹೋದಂತೆ ಒಂದು ಪಟ್ಟಿ ತಾನಾಗಿ ಬೆಳೆಯುತ್ತದೆ. ಸ್ಟೋರ್ಸ್‌ನವರಿಗೆ ಪ್ರಿಂಟರ್ ಕ್ಯೂ ಖಾಲಿ ಮಾಡಬೇಕು. ಅಕೌಂಟ್ಸ್‌ನವರಿಗೆ ಬ್ಯಾಕಪ್ ಸ್ಕ್ರಿಪ್ಟ್ ಓಡಿಸಬೇಕು. ಇಆರ್‌ಪಿ (ಕಂಪನಿಯ ಎಲ್ಲ ವಿಭಾಗಗಳ ಕೆಲಸ ಒಟ್ಟಿಗೆ ನೋಡುವ ಸಾಫ್ಟ್‌ವೇರ್) ನೋಡಿಕೊಳ್ಳುವವರಿಗೆ ಒಂದು ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ನನ್ನ ಅನುಭವದಲ್ಲಿ ಒಬ್ಬರಿಗೆ ನಿಜವಾಗಿ ಬೇಕಾದ ದೊಡ್ಡ ಹಕ್ಕಿನ ಕಮಾಂಡ್‌ಗಳು ನಾಲ್ಕೈದು ದಾಟುವುದಿಲ್ಲ. ಪೂರ್ತಿ ಹಕ್ಕು ಕೊಟ್ಟಿದ್ದು ಆ ನಾಲ್ಕೈದಕ್ಕಾಗಿ.

ಬೇಲಿ ಹಾಕುವುದು: ಸುಡೋ

ಸುಡೋಯರ್ಸ್ ಫೈಲನ್ನು ಯಾವತ್ತೂ ವಿಸುಡೋ ಬಿಟ್ಟು ಬೇರೆ ಎಡಿಟರ್‌ನಲ್ಲಿ ತೆರೆಯಬೇಡಿ. ಒಂದು ಅಕ್ಷರ ತಪ್ಪಾದರೂ ಸುಡೋ ಪೂರ್ತಿ ನಿಲ್ಲಬಹುದು. ವಿಸುಡೋ ಉಳಿಸುವ ಮೊದಲು ತಪ್ಪು ಹುಡುಕಿ ಹೇಳುತ್ತದೆ. ಪ್ರತಿ ವಿಭಾಗಕ್ಕೂ 'ಸುಡೋಯರ್ಸ್ ಡಾಟ್ ಡಿ' ಒಳಗೆ ಒಂದೊಂದು ಚಿಕ್ಕ ಫೈಲ್ ಮಾಡಿ. ಆ ಫೈಲ್ ಹೆಸರಿನಲ್ಲಿ ಚುಕ್ಕೆ ಇರಬಾರದು. ಚುಕ್ಕೆ ಇದ್ದರೆ ಸುಡೋ ಆ ಫೈಲನ್ನು ಓದುವುದೇ ಇಲ್ಲ, ಏನೂ ಹೇಳುವುದೂ ಇಲ್ಲ.

ಕಮಾಂಡ್‌ಗೆ ಪೂರ್ತಿ ದಾರಿ ಬರೆಯಿರಿ, ಮುಂದಿನ ಮಾತುಗಳನ್ನೂ ಬರೆಯಿರಿ. ಬರೀ ಸಿಸ್ಟಮ್‌ಸಿಟಿಎಲ್ (ಸೇವೆಗಳನ್ನು ಶುರು ಮಾಡುವ, ನಿಲ್ಲಿಸುವ ಕಮಾಂಡ್) ಅಂತ ಕೊಟ್ಟರೆ ಎಲ್ಲ ಸೇವೆಗಳೂ ಅವರ ಕೈಗೆ. ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್, ಆಮೇಲೆ ಇಆರ್‌ಪಿ ಸೇವೆಯ ಹೆಸರು, ಹೀಗೆ ಕೊಟ್ಟರೆ ಅದೊಂದೇ. ಕೊಟ್ಟ ಮೇಲೆ ಆ ಬಳಕೆದಾರನ ಹೆಸರಿನಲ್ಲಿ 'ಸುಡೋ ಎಲ್' ಓಡಿಸಿ ನೋಡಿ. ಅವನಿಗೆ ಏನೇನು ಸಿಕ್ಕಿದೆ ಅಂತ ಪಟ್ಟಿ ಬರುತ್ತದೆ.

ಇಲ್ಲಿ ಕೆಲವು ಗುಂಡಿಗಳಿವೆ. ಎಲ್ಲರೂ ಒಂದಲ್ಲ ಒಂದು ಸಲ ಬೀಳುವಂಥವು.

ಮೊದಲನೆಯದು, 'ಇದನ್ನು ಬಿಟ್ಟು ಎಲ್ಲ' ಎಂಬ ರೀತಿಯ ರೂಲ್. ಎಲ್ಲ ಕಮಾಂಡ್‌ಗೂ ಅನುಮತಿ, ಬ್ಯಾಶ್‌ಗೆ ಮಾತ್ರ ಇಲ್ಲ ಅಂತ ಬರೆಯುತ್ತಾರೆ. ಬ್ಯಾಶ್ ಫೈಲನ್ನು ಬೇರೆ ಹೆಸರಿಗೆ ಕಾಪಿ ಮಾಡಿಕೊಂಡರೆ ಮುಗಿಯಿತು. ಬೇಲಿಯಲ್ಲಿ ಬೇಡದ್ದನ್ನು ಬರೆಯಬೇಡಿ, ಬೇಕಾದ್ದನ್ನು ಮಾತ್ರ ಬರೆಯಿರಿ.

ಎರಡನೆಯದು ನಕ್ಷತ್ರ ಗುರುತು. ಲಾಗ್ ಫೋಲ್ಡರ್‌ನ ಯಾವ ಫೈಲನ್ನಾದರೂ 'ಕ್ಯಾಟ್' ಮಾಡಿ ಓದಲಿ ಅಂತ ಕೊನೆಗೆ ಒಂದು ನಕ್ಷತ್ರ ಹಾಕುತ್ತೇವೆ. ಸುಡೋದಲ್ಲಿ ಆ ನಕ್ಷತ್ರ ಸ್ಪೇಸ್‌ಗೂ, ಸ್ಲ್ಯಾಶ್‌ಗೂ ಹೊಂದುತ್ತದೆ. ಹಾಗಾಗಿ ಒಂದು ಲಾಗ್ ಫೈಲ್ ಹೆಸರು, ಪಕ್ಕದಲ್ಲೇ ಶ್ಯಾಡೋ ಫೈಲ್ ಹೆಸರು ಕೊಟ್ಟರೆ ಅದರಲ್ಲಿರುವ ಪಾಸ್‌ವರ್ಡ್ ಹ್ಯಾಶ್‌ಗಳೂ (ಪಾಸ್‌ವರ್ಡ್‌ಗಳ ಗೂಢ ರೂಪ) ಪರದೆ ಮೇಲೆ.

ಮೂರನೆಯದು ತುಂಬಾ ಅಪಾಯದ್ದು. ಫೈಲ್ ತಿದ್ದುವ ವಿಐ, ಫೈಲ್ ಓದಿಸುವ ಲೆಸ್, ಸಹಾಯದ ಪುಟ ತೋರಿಸುವ ಮ್ಯಾನ್, ಇಂಥ ಪ್ರೋಗ್ರಾಂಗಳ ಒಳಗಿನಿಂದಲೇ ಶೆಲ್ ತೆರೆಯಬಹುದು. ಸುಡೋ ಮೂಲಕ ವಿಐ ಕೊಟ್ಟರೆ ರೂಟ್ ಶೆಲ್ ಕೊಟ್ಟ ಹಾಗೆಯೇ. ಫೈಲ್ ತಿದ್ದಲು ಬೇಕಾದರೆ ಸುಡೋಎಡಿಟ್ ಕೊಡಿ, ಅದರಲ್ಲಿ ಎಡಿಟರ್ ಓಡುವುದು ಬಳಕೆದಾರನ ಸ್ವಂತ ಹಕ್ಕಿನಲ್ಲಿ. ಹಳೆಯ ಸರ್ವರ್‌ಗಳಲ್ಲಿ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೂಡ ಲೆಸ್ ತೆರೆಯುತ್ತದೆ. 'ನೋ ಪೇಜರ್' ಸೇರಿಸಿಯೇ ರೂಲ್ ಬರೆಯಿರಿ. 'ನೋಎಕ್ಸೆಕ್' ಎಂಬ ಟ್ಯಾಗ್ ಇನ್ನಷ್ಟು ತಡೆಯುತ್ತದೆ, ಆದರೆ ಅದನ್ನೇ ನಂಬಿ ವಿಐ ಕೊಡಬೇಡಿ.

ನಾಲ್ಕನೆಯದು ಸ್ಕ್ರಿಪ್ಟ್. ಬ್ಯಾಕಪ್ ಸ್ಕ್ರಿಪ್ಟ್ ಓಡಿಸಲು ಸುಡೋ ಕೊಟ್ಟಿದ್ದೀರಿ, ಸರಿ. ಆ ಸ್ಕ್ರಿಪ್ಟ್ ಫೈಲನ್ನು ತಿದ್ದುವ ಹಕ್ಕೂ ಅವರಿಗೇ ಇದ್ದರೆ? ಫೈಲ್ ಮಾತ್ರವಲ್ಲ, ಅದು ಇರುವ ಫೋಲ್ಡರ್ ಕೂಡ ರೂಟ್‌ನದ್ದಾಗಿರಬೇಕು.

ಸುಡೋ ಮಾಡಿ ಪೂರ್ತಿ ರೂಟ್ ಶೆಲ್‌ಗೆ ಹೋಗುವ ಅಭ್ಯಾಸ ನಿಮಗೂ ಇರಬಹುದು. ಸುಡೋ ಲಾಗ್‌ನಲ್ಲಿ ಆ ಮೊದಲ ಸಾಲು ಮಾತ್ರ ಬೀಳುತ್ತದೆ, ಒಳಗೆ ಮಾಡಿದ್ದು ಬೀಳುವುದಿಲ್ಲ. ಆಡಿಟ್‌ಡಿ ಇದ್ದರೆ ಅದು ಹಿಡಿಯುತ್ತದೆ, ನಿಜ. ಆದರೂ ಅಡ್ಮಿನ್ ಆದವರು ಮೊದಲು ಈ ಅಭ್ಯಾಸ ಬಿಡಬೇಕು. ಹೊರಗಿನ ಎಂಜಿನಿಯರ್‌ಗೆ ಶೆಲ್ ಕೊಡಲೇಬೇಕಾದ ದಿನ ಸುಡೋದ 'ಲಾಗ್ ಔಟ್‌ಪುಟ್' ಆನ್ ಮಾಡಿ. ಆಮೇಲೆ 'ಸುಡೋರಿಪ್ಲೇ' ಹಾಕಿದರೆ ಪರದೆಯಲ್ಲಿ ಏನೇನು ಕಂಡಿತೋ ಎಲ್ಲ ಮತ್ತೆ ನೋಡಬಹುದು.

ಬೇಲಿ ಹಾಕುವುದು: ವಿಂಡೋಸ್

ಅರ್ಧ ಕೆಲಸ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತದೆ. ದಿನದ ಕೆಲಸಕ್ಕೆ ಎಲ್ಲರೂ ಸ್ಟ್ಯಾಂಡರ್ಡ್ ಯೂಸರ್. ಯಜಮಾನರೂ ಸೇರಿ.

ಉಳಿದ ಅರ್ಧ ಆಪ್‌ಲಾಕರ್, ಅಂದರೆ ಯಾವ ಪ್ರೋಗ್ರಾಂ ಓಡಬಹುದು ಅಂತ ಗೊತ್ತುಮಾಡುವ ವಿಂಡೋಸ್ ಸೌಲಭ್ಯ. ಮೊದಲು ಡಿಫಾಲ್ಟ್ ರೂಲ್‌ಗಳನ್ನು ಮಾಡಿಸಿ. ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರ್‌ನಿಂದ ಎಲ್ಲರೂ ಓಡಿಸಬಹುದು, ಅಡ್ಮಿನ್‌ಗಳು ಎಲ್ಲಿಂದಲಾದರೂ ಓಡಿಸಬಹುದು ಅಂತ ಅವು ಹೇಳುತ್ತವೆ. ಡೌನ್‌ಲೋಡ್ಸ್ ಫೋಲ್ಡರ್‌ನಿಂದ, ಪೆನ್ ಡ್ರೈವ್‌ನಿಂದ ಓಡಿಸುವುದು ಅಲ್ಲಿಗೇ ನಿಲ್ಲುತ್ತದೆ. ಆದರೆ ತಕ್ಷಣ ಜಾರಿ ಮಾಡಬೇಡಿ, 'ಆಡಿಟ್ ಓನ್ಲಿ'ಯಲ್ಲಿಡಿ. ಅಪ್ಲಿಕೇಷನ್ ಐಡೆಂಟಿಟಿ ಎಂಬ ಸರ್ವಿಸ್ ಓಡುತ್ತಿರಬೇಕು, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಈಗ 8003 ಎಂಬ ದಾಖಲೆ ನೋಡಿ. ಜಾರಿ ಮಾಡಿದ್ದರೆ ಇದು ನಿಲ್ಲುತ್ತಿತ್ತು ಅಂತ ಅದರ ಅರ್ಥ. ಬ್ಯಾಂಕಿನ ಡಿಜಿಟಲ್ ಸಿಗ್ನೇಚರ್ ಸಾಫ್ಟ್‌ವೇರ್, ಯಾವುದೋ ಹಳೆಯ ಬಾರ್‌ಕೋಡ್ ಪ್ರೋಗ್ರಾಂ, ಇಂಥವು ಎಲ್ಲೆಲ್ಲೋ ಕೂತಿರುವುದು ಆಗ ಗೊತ್ತಾಗುತ್ತದೆ. ಅವಕ್ಕೆ ರೂಲ್ ಸೇರಿಸಿ, ಆಮೇಲೆ ಜಾರಿ. ನಿಜವಾಗಿ ತಡೆದಾಗ ಬರುವ ನಂಬರ್ 8004.

ವಿಂಡೋಸ್ ಫೋಲ್ಡರ್‌ನ ಒಳಗೆ ಸಾಮಾನ್ಯ ಬಳಕೆದಾರರೂ ಬರೆಯಬಹುದಾದ ಕೆಲವು ಜಾಗ ಇವೆ, ಉದಾಹರಣೆಗೆ ಟೆಂಪ್. ಅವನ್ನು ರೂಲ್‌ನಿಂದ ಹೊರಗಿಡಿ.

ಟ್ಯಾಲಿ ಮತ್ತು ಕಾನೂನು

ಸರ್ವರ್‌ಗೆ ಇಷ್ಟೆಲ್ಲ ಮಾಡಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯನ್ನು ಒಂದೇ ಪಾಸ್‌ವರ್ಡ್‌ನಲ್ಲಿ ಬಿಟ್ಟರೆ ದುಡ್ಡಿನ ಬಾಗಿಲು ತೆರೆದೇ ಇರುತ್ತದೆ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ಕೆ ಒತ್ತಿದರೆ ಕಂಪನಿ ಮೆನು ಬರುತ್ತದೆ. ಅಲ್ಲಿ ಯೂಸರ್ ರೋಲ್ಸ್, ಯೂಸರ್ಸ್ ಅಂಡ್ ಪಾಸ್‌ವರ್ಡ್ಸ್ ಇವೆ. ಬಿಲ್ ಹಾಕುವವರಿಗೆ ಡೇಟಾ ಎಂಟ್ರಿ ರೋಲ್ ಕೊಡಿ, ಹಿಂದಿನ ತಾರೀಕಿನ ವೋಚರ್‌ಗೆ ಎಷ್ಟು ದಿನ ಅವಕಾಶ ಅಂತಲೂ ಅಲ್ಲೇ ಗೊತ್ತುಮಾಡಿ.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇದು ಇಷ್ಟದ ವಿಷಯವೂ ಅಲ್ಲ. ಕಂಪನಿಗಳ ಲೆಕ್ಕಪತ್ರ ನಿಯಮದ ತಿದ್ದುಪಡಿ 2021ರ ಮಾರ್ಚ್‌ನಲ್ಲಿ ಬಂತು. ಎರಡು ಸಲ ಮುಂದಕ್ಕೆ ಹೋಗಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಲೆಕ್ಕದ ಸಾಫ್ಟ್‌ವೇರ್ ಪ್ರತಿ ಬದಲಾವಣೆಯನ್ನೂ ತಾರೀಕಿನ ಸಮೇತ ಬರೆದಿಡಬೇಕು, ಅದನ್ನು ಆಫ್ ಮಾಡಲು ಆಗಬಾರದು. ಟ್ಯಾಲಿ ಪ್ರೈಮ್ ಎಡಿಟ್ ಲಾಗ್ ಎಂಬ ಆವೃತ್ತಿ ಇದಕ್ಕಾಗಿಯೇ ಇದೆ. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋದರೆ ಎಡಿಟ್ ಲಾಗ್ ತುಂಬಾ ಆ ಒಂದೇ ಹೆಸರು. ಪೀಣ್ಯದ ಕಥೆಯೇ ಮತ್ತೆ.

ಲಾಗ್ ಅದೇ ಪೆಟ್ಟಿಗೆಯಲ್ಲಿ ಇರಬಾರದು

ರೂಟ್ ಹಕ್ಕು ಇರುವವರು ಲಾಗ್ ಅಳಿಸಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು? ಅದಕ್ಕೆ ಲಾಗ್ ಇನ್ನೊಂದು ಕಂಪ್ಯೂಟರ್‌ಗೆ ಹೋಗುತ್ತಿರಬೇಕು, ಅದರ ಪಾಸ್‌ವರ್ಡ್ ಅಡ್ಮಿನ್ ಹತ್ತಿರ ಇರಬಾರದು. ದೊಡ್ಡ ಖರ್ಚು ಬೇಡ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಹಳೆಯ ಡೆಸ್ಕ್‌ಟಾಪ್‌ಗೆ ಒಂದು ಹೊಸ ಡಿಸ್ಕ್ ಹಾಕಿ, ಯುಪಿಎಸ್‌ಗೆ ಸೇರಿಸಿ, ಆರ್‌ಸಿಸ್‌ಲಾಗ್ (ಲಾಗ್‌ಗಳನ್ನು ಬೇರೆ ಕಂಪ್ಯೂಟರ್‌ಗೆ ಕಳಿಸುವ ಸೇವೆ) ಮೂಲಕ ಕಳಿಸಿ. ಕೋಣೆಗೆ ಬೀಗ ಹಾಕಿ, ಕೀ ಯಜಮಾನರ ಹತ್ತಿರ ಇರಲಿ. ಆಡಿಟ್‌ಡಿ ರೂಲ್ ಫೈಲ್‌ನ ಕೊನೆಯ ಸಾಲಿನಲ್ಲಿ 'ಇ 2' ಹಾಕಿದರೆ ರೀಬೂಟ್ ಮಾಡುವ ತನಕ ಯಾರೂ ರೂಲ್ ಬದಲಿಸಲು ಆಗುವುದಿಲ್ಲ. ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಇದನ್ನು ಹಾಕಿ.

ಎಷ್ಟು ದಿನ ಇಡಬೇಕು? ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ 180 ದಿನ ಅಂತ ಇದೆ, ಅದೂ ಭಾರತದ ಒಳಗೆ. ಅನಧಿಕೃತ ಪ್ರವೇಶದಂಥ ಘಟನೆ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಕಂಪನಿಗಳಿಗೂ ಇದು ಅನ್ವಯ. ಎಲ್ಲ ಕಂಪ್ಯೂಟರ್‌ಗಳ ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್‌ಗೆ ಹೊಂದಿಸಿ ಅಂತಲೂ ಅದರಲ್ಲಿದೆ.

ಗಡಿಯಾರದ ವಿಷಯ ಸಣ್ಣದು ಅನ್ನಿಸಬಹುದು. ಕ್ಲೌಡ್‌ನಲ್ಲಿರುವ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಲಾಗ್‌ನಲ್ಲಿ ಮಧ್ಯಾಹ್ನ 3 ಗಂಟೆ ಅಂತ ಇದ್ದರೆ ಇಲ್ಲಿ ರಾತ್ರಿ 8.30. ಮೂರು ಗಂಟೆಗೆ ಸೀಟಿನಲ್ಲಿ ಕೂತಿದ್ದವರನ್ನು ಕರೆದು ಕೇಳುತ್ತೀರಿ. ಅವರು ಎಂಟೂವರೆಗೆ ಮನೆಯಲ್ಲಿ ಊಟ ಮಾಡುತ್ತಿದ್ದರು.

ಜನರಿಗೆ ಹೇಳಿ ಮಾಡಿ

"ಏನ್ರೀ, ನಮ್ಮ ಹುಡುಗರ ಹಿಂದೆ ಗೂಢಚಾರಿ ಬಿಡೋದಾ?" ಅಂತ ಒಬ್ಬ ಯಜಮಾನರು ಬೇಸರದಿಂದ ಕೇಳಿದ್ದರು. ಗುಟ್ಟಾಗಿ ಮಾಡಿದರೆ ಅದು ಗೂಢಚಾರಿಕೆಯೇ. ಅದಕ್ಕೆ ರೆಕಾರ್ಡ್ ಶುರು ಮಾಡುವ ಹಿಂದಿನ ದಿನ ಎಲ್ಲರನ್ನೂ ಕೂರಿಸಿ ಹೇಳಿ. ಒಂದು ಪುಟದ ಕಾಗದ, ಕನ್ನಡದಲ್ಲಿ. ಏನು ದಾಖಲಾಗುತ್ತದೆ, ಯಾರು ಓದುತ್ತಾರೆ, ಎಷ್ಟು ದಿನ ಇರುತ್ತದೆ, ತನ್ನದೇ ದಾಖಲೆ ನೋಡಬೇಕು ಅಂತ ಒಬ್ಬರು ಕೇಳಿದರೆ ತೋರಿಸುತ್ತೇವೆ. ಈ ಕೊನೆಯ ಸಾಲು ಬಿಡಬೇಡಿ. ಒಂದು ಕಡೆ ಸ್ಟೋರ್ಸ್‌ನ ಅಕ್ಕ ಒಬ್ಬರು "ಸರ್, ನಾಳೆ ನನ್ನ ಮೇಲೆ ಏನಾದ್ರೂ ಬಂದ್ರೆ ಇದನ್ನ ನಾನೇ ತೋರಿಸಬಹುದಾ?" ಅಂತ ಕೇಳಿದರು. ಹೌದು ಅಂದೆ. ಮೊದಲು ಸಹಿ ಹಾಕಿದವರು ಅವರೇ.

ತುರ್ತು ಸಮಯಕ್ಕೂ ದಾರಿ ಬೇಕು. ಭಾನುವಾರ ಸರ್ವರ್ ನಿಂತಿದೆ, ಅಡ್ಮಿನ್ ಊರಿಗೆ ಹೋಗಿದ್ದಾರೆ. ರೂಟ್ ಪಾಸ್‌ವರ್ಡ್ ಬರೆದು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಕ್ಯಾಶ್ ಬೀರುವಿನಲ್ಲಿಡಿ. ಒಡೆದರೆ ಯಾರು, ಏಕೆ ಅಂತ ಪುಸ್ತಕದಲ್ಲಿ ಬರೆಯಲಿ. ಮಾರನೇ ದಿನ ಹೊಸ ಪಾಸ್‌ವರ್ಡ್, ಹೊಸ ಲಕೋಟೆ.

ಬಳಕೆದಾರರ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ನೋಡಿ. ಅದರಲ್ಲಿ ಒಂದು ಸಲವನ್ನು ನಾನು ಆಯುಧ ಪೂಜೆಗೆ ಇಟ್ಟುಕೊಂಡಿದ್ದೇನೆ. ಯಂತ್ರಗಳೆಲ್ಲ ನಿಂತಿರುತ್ತವೆ, ಎಲ್ಲರೂ ಸಿಗುತ್ತಾರೆ, ಪೂಜೆ ಮುಗಿದ ಮೇಲೆ ಒಂದು ಗಂಟೆ ಸಾಕು. ಕೆಲಸ ಬಿಟ್ಟವರ ಹೆಸರು ಇನ್ನೂ ಇದೆಯಾ ನೋಡಿ. ಇದ್ದರೆ ಅಕೌಂಟ್ ಮುಚ್ಚಿ, ಆದರೆ ಅಳಿಸಬೇಡಿ. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಲದು, ಎಸ್‌ಎಸ್‌ಎಚ್ ಕೀ ಇದ್ದರೆ ಒಳಗೆ ಬರಬಹುದು. ಅಕೌಂಟ್‌ನ ಅವಧಿಯನ್ನೇ ಮುಗಿಸಿ. ಅಳಿಸಬೇಡಿ ಅಂದಿದ್ದಕ್ಕೆ ಕಾರಣ ಇದೆ. ಆಡಿಟ್ ಲಾಗ್ ಒಳಗೆ ಗುರುತು ನಂಬರ್‌ನಲ್ಲಿರುತ್ತದೆ, 'ರಾ' ರೂಪದ ಲಾಗ್‌ನಲ್ಲಿ ಹೆಸರು ಇರುವುದೇ ಇಲ್ಲ. ಅಂಥ ಲಾಗ್‌ಗೆ ಹೆಸರು ಓದುವಾಗ ಸೇರುತ್ತದೆ. 1004 ನಂಬರಿನವರನ್ನು ಅಳಿಸಿದರೆ ಉಬುಂಟು ಆ ಖಾಲಿ ನಂಬರನ್ನು ಮುಂದೆ ಬರುವ ಹೊಸಬರಿಗೆ ಕೊಡಬಹುದು. ಆಮೇಲೆ ಹಳೆಯ ಲಾಗ್ ತೆರೆದರೆ, ಹೋದ ವರ್ಷ ಯಾರೋ ಮಾಡಿದ್ದರ ಪಕ್ಕದಲ್ಲಿ ನಿನ್ನೆ ಸೇರಿದ ಹುಡುಗನ ಹೆಸರು ಕಾಣಬಹುದು.